ಡಿಮಿಲ್ ಅವರ ‘ದಿ ಲಯನ್ಸ್ ಗೇಮ್’: ಇಷ್ಟು ಭಯದ ಕಥೆಯಲ್ಲಿ ನಗು ಹೊಂದುತ್ತಾ?

ನಿಮ್ಮ ಪ್ರಶ್ನೆ ಇದು: ನೆಲ್ಸನ್ ಡಿಮಿಲ್ ಅವರ ‘ದಿ ಲಯನ್ಸ್ ಗೇಮ್’ ಭಯೋತ್ಪಾದನೆ ಕುರಿತ ಥ್ರಿಲ್ಲರ್ ಅಂತ ಕೆಲವರು ಹೇಳುತ್ತಾರೆ, ಓದುತ್ತಾ ಜೋರಾಗಿ ನಕ್ಕೆವು ಅಂತ ಇನ್ನು ಕೆಲವರು. ಇವೆರಡೂ ಒಂದೇ ಪುಸ್ತಕದಲ್ಲಿ ಹೇಗೆ ಸಾಧ್ಯ? 700 ಪುಟದ ಆಸುಪಾಸಿನ ಪುಸ್ತಕಕ್ಕೆ ಕೈ ಹಾಕಬಹುದಾ?

ಧಾರಾಳವಾಗಿ ಕೈ ಹಾಕಿ. ನನಗೆ ತುಂಬಾ ಇಷ್ಟವಾದ ಥ್ರಿಲ್ಲರ್‌ಗಳಲ್ಲಿ ಇದೂ ಒಂದು. ಆದರೆ ಇದನ್ನು ಓದಿದವರೆಲ್ಲ ನನ್ನ ಹಾಗೆ ಹೊಗಳುವುದಿಲ್ಲ. ಅವರ ತಕರಾರಿನಲ್ಲೂ ಹುರುಳಿದೆ, ಅದನ್ನೂ ಹೇಳುತ್ತೇನೆ.

ಮೊದಲು ಕಥೆಯ ಎಳೆ. ಜಾನ್ ಕೋರಿ ನ್ಯೂಯಾರ್ಕ್ ಪೊಲೀಸ್ ಇಲಾಖೆಯಲ್ಲಿ ಕೊಲೆ ಕೇಸುಗಳನ್ನು ನೋಡುತ್ತಿದ್ದವನು. ಗುಂಡೇಟು ತಿಂದು, ಬದುಕಿ ಉಳಿದು, ಇಲಾಖೆ ಬಿಟ್ಟಿದ್ದಾನೆ. ಈಗ ಭಯೋತ್ಪಾದನೆ ನಿಗ್ರಹ ಪಡೆಯಲ್ಲಿ ಗುತ್ತಿಗೆ ಕೆಲಸ. ಪೊಲೀಸರು, ಎಫ್‌ಬಿಐ, ಸಿಐಎ ಎಲ್ಲರೂ ಸೇರಿದ ಪಡೆ ಅದು. ನ್ಯೂಯಾರ್ಕಿನಲ್ಲಿ 1980ರಿಂದ ಇಂಥದೊಂದು ಜಂಟಿ ಪಡೆ ನಿಜವಾಗಿಯೂ ಇದೆ. ಡಿಮಿಲ್ ಹೆಸರು ಸ್ವಲ್ಪ ಬದಲಿಸಿ ಅದನ್ನೇ ಕಥೆಗೆ ತಂದಿದ್ದಾರೆ. ಲಿಬಿಯಾದ ಅಸದ್ ಖಲೀಲ್ ಎಂಬಾತ ಪ್ಯಾರಿಸ್‌ನ ಅಮೆರಿಕನ್ ರಾಯಭಾರ ಕಚೇರಿಗೆ ಬಂದು ಶರಣಾಗಿದ್ದಾನೆ. ಅವನಿಗೆ ಬೇಡಿ ಹಾಕಿ, ಕಾವಲಿಟ್ಟು, ವಿಮಾನದಲ್ಲಿ ಕರೆತರುತ್ತಿದ್ದಾರೆ. ಕೋರಿ ಮತ್ತು ಅವನ ತಂಡ ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದಲ್ಲಿ ಅವನಿಗಾಗಿ ಕಾಯುತ್ತಿದೆ.

ಆ ವಿಮಾನ ಬಂದಿಳಿಯುವ ಭಾಗವನ್ನು ಇಷ್ಟಪಡದ ಓದುಗರನ್ನು ನಾನಿನ್ನೂ ನೋಡಿಲ್ಲ. ಸಾಗರದ ಮೇಲಿಂದ ಬರುತ್ತಿರುವ ಬೋಯಿಂಗ್ 747 ವಿಮಾನ ರೇಡಿಯೋಗೆ ಉತ್ತರ ಕೊಡುತ್ತಿಲ್ಲ. ಆದರೂ ಹಾದಿ ತಪ್ಪದೆ ಬರುತ್ತಿದೆ. ರೇಡಿಯೋ ಕೆಟ್ಟಿರಬೇಕು ಅಂತ ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಾರೆ. ಸರಿಯಾಗಿ ರನ್‌ವೇ ಮೇಲೆ ಇಳಿಯುತ್ತದೆ ಕೂಡ. ಕೆಳಗೆ ಅಗ್ನಿಶಾಮಕ ಗಾಡಿಗಳ ಜೊತೆ ಕಾಯುತ್ತಿದ್ದವರಿಗೆ ಒಂದು ವಿಷಯ ಅನುಮಾನ ಹುಟ್ಟಿಸುತ್ತದೆ. ಇಳಿದ ಮೇಲೆ ವೇಗ ತಗ್ಗಿಸಲು ಪೈಲಟ್‌ಗಳು ಎಂಜಿನ್ನಿನ ರಿವರ್ಸ್ ಥ್ರಸ್ಟ್ ಹಾಕುತ್ತಾರಲ್ವಾ, ಅದನ್ನು ಯಾರೂ ಹಾಕಿಲ್ಲ. ಕಂಪ್ಯೂಟರ್ ವಿಮಾನವನ್ನು ಇಳಿಸಬಲ್ಲದು, ಆದರೆ ಆ ಸನ್ನೆಕೋಲನ್ನು ಎಳೆಯಲು ಮನುಷ್ಯನ ಕೈ ಬೇಕು. ವಿಮಾನ ರನ್‌ವೇಯ ತುದಿಯಲ್ಲಿ ನಿಲ್ಲುತ್ತದೆ. ಯಾರೂ ಬಾಗಿಲು ತೆಗೆಯುವುದಿಲ್ಲ. ರಕ್ಷಣಾ ಸಿಬ್ಬಂದಿಯಲ್ಲೊಬ್ಬ ಏಣಿ ಹತ್ತಿ ಒಳಗೆ ಹೋಗುತ್ತಾನೆ. ಪ್ರಯಾಣಿಕರೆಲ್ಲ ತಮ್ಮ ತಮ್ಮ ಸೀಟಿನಲ್ಲಿ ಕೂತಿದ್ದಾರೆ. ಒಬ್ಬರೂ ಉಸಿರಾಡುತ್ತಿಲ್ಲ.

ಈ ಪುಟಗಳಲ್ಲಿ ಒಂದು ಗುಂಡೂ ಹಾರುವುದಿಲ್ಲ, ಯಾರೂ ಯಾರನ್ನೂ ಅಟ್ಟಿಸಿಕೊಂಡು ಹೋಗುವುದಿಲ್ಲ. ಕೆಲವರು ಕೆಲಸದ ಮೇಲಿದ್ದಾರೆ, ಒಂದೊಂದೇ ಸಣ್ಣ ಗುರುತು ಅವರ ಕಣ್ಣಿಗೆ ಬೀಳುತ್ತಿದೆ, ಅಷ್ಟೇ. ಡಿಮಿಲ್ ಅವರ ನಿಜವಾದ ಕಸುಬು ಇಲ್ಲಿದೆ ಅಂತ ನನ್ನ ಅನಿಸಿಕೆ.

ಅಷ್ಟು ಸಾವಿನ ನಡುವೆ ಬದುಕಿ ಉಳಿದ ಖಲೀಲ್ ತಪ್ಪಿಸಿಕೊಂಡ ಮೇಲೆ ಕಥೆ ಎರಡು ದಾರಿಯಲ್ಲಿ ಸಾಗುತ್ತದೆ. ಒಂದು ಭಾಗವನ್ನು ಕೋರಿ ‘ನಾನು’ ಅಂತ ತಾನೇ ಹೇಳುತ್ತಾನೆ. ಇನ್ನೊಂದು ಭಾಗದಲ್ಲಿ ಲೇಖಕರು ಖಲೀಲ್‌ನ ಬೆನ್ನು ಹತ್ತುತ್ತಾರೆ. ಅವನು ಬಾಡಿಗೆ ಕಾರಿನಲ್ಲಿ ಯಾವ ಊರಿಗೆ ಹೊರಟ, ಯಾರ ಮನೆ ಬಾಗಿಲು ತಟ್ಟಿದ, ಎಲ್ಲವೂ ನಮಗೆ ಮೊದಲೇ ಗೊತ್ತಾಗುತ್ತದೆ. ‘ಕೊಲೆಗಾರ ಯಾರು, ಏನು ಮಾಡ್ತಾನೆ ಅಂತ ಮೊದಲೇ ಹೇಳಿಬಿಟ್ಟರೆ ಸಸ್ಪೆನ್ಸ್ ಎಲ್ಲಿ ಉಳಿಯಿತು’ ಅಂತ ಕೆಲವು ಓದುಗರ ತಕರಾರು. ನಾನು ಇದನ್ನು ಒಪ್ಪುವುದಿಲ್ಲ. ಬಾಗಿಲಲ್ಲಿ ನಿಂತವನು ಯಾರು ಅಂತ ನಮಗೆ ಗೊತ್ತು, ಬಾಗಿಲು ತೆಗೆದು ‘ಬನ್ನಿ, ಕೂತ್ಕೊಳ್ಳಿ’ ಅನ್ನುತ್ತಿರುವವರಿಗೆ ಗೊತ್ತಿಲ್ಲ. ಕೋರಿಗೋ, ಖಲೀಲ್ ಯಾವ ಊರಿನಲ್ಲಿದ್ದಾನೆ ಅನ್ನೋದೇ ಗೊತ್ತಿಲ್ಲ. ಪುಟ ತಿರುಗಿಸಲು ಇದಕ್ಕಿಂತ ದೊಡ್ಡ ಕಾರಣ ಬೇಕಾ?

ಖಲೀಲ್‌ಗೆ ಡಿಮಿಲ್ ಕೊಟ್ಟಿರುವ ಹಿನ್ನೆಲೆ ಕಟ್ಟುಕಥೆಯಲ್ಲ. 1986ರ ಏಪ್ರಿಲ್ 5ರಂದು ಪಶ್ಚಿಮ ಬರ್ಲಿನ್ನಿನ ಲಾ ಬೆಲ್ ಡಿಸ್ಕೊದಲ್ಲಿ ಬಾಂಬ್ ಸಿಡಿಯಿತು. ಅಲ್ಲಿಗೆ ಅಮೆರಿಕದ ಸೈನಿಕರು ಹೋಗುತ್ತಿದ್ದರು. ಅಮೆರಿಕ ಲಿಬಿಯಾದ ಕಡೆ ಬೆರಳು ತೋರಿಸಿ, ಏಪ್ರಿಲ್ 15ರ ನಸುಕಿನಲ್ಲಿ ಟ್ರಿಪೊಲಿ ಮತ್ತು ಬೆಂಗಾಜಿ ಮೇಲೆ ಬಾಂಬ್ ಹಾಕಿತು. ಇಂಗ್ಲೆಂಡಿನಿಂದ ಹೊರಟ ಎಫ್-111 ವಿಮಾನಗಳಿಗೆ ಫ್ರಾನ್ಸ್ ತನ್ನ ಮೇಲೆ ಹಾರಲು ಬಿಡಲಿಲ್ಲ. ಅವು ಸಮುದ್ರದ ಮೇಲೆ ಸುತ್ತು ಹಾಕಿಕೊಂಡು ಹೋಗಬೇಕಾಯಿತು. ಇದಿಷ್ಟೂ ಇತಿಹಾಸ. ಕಾದಂಬರಿಯ ಖಲೀಲ್ ಆ ರಾತ್ರಿ ಟ್ರಿಪೊಲಿಯಲ್ಲಿದ್ದ ಹದಿಹರೆಯದ ಹುಡುಗ. ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಸತ್ತು ಇವನೊಬ್ಬ ಉಳಿಯುತ್ತಾನೆ. ಮುಂದೆ ದೊಡ್ಡವನಾಗಿ ಆ ವಿಮಾನಗಳಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ಹುಡುಕಿಕೊಂಡು ಅಮೆರಿಕಕ್ಕೆ ಬರುತ್ತಾನೆ. ಅವನ ದುಃಖ ನಮಗೆ ಅರ್ಥವಾಗುತ್ತದೆ, ಅವನು ಮಾಡುವುದನ್ನು ಓದುವಾಗ ಮೈ ನಡುಗುತ್ತದೆ. ಈ ಎರಡನ್ನೂ ಒಟ್ಟಿಗೆ ಅನುಭವಿಸುವ ಹಾಗೆ ಬರೆಯುವುದು ಸುಮ್ನೆ ಅಲ್ಲ.

ಇನ್ನು ನಗುವಿನ ಮಾತು. ಓದುಗರು ಎರಡು ಪಂಗಡವಾಗುವುದು ಇಲ್ಲೇ. ಕೋರಿಗೆ ನಾಲಗೆ ಮೇಲೆ ಹಿಡಿತವಿಲ್ಲ. ಮೀಟಿಂಗಿನಲ್ಲಿ ಮೇಲಧಿಕಾರಿ ಗಂಭೀರವಾಗಿ ಮಾತಾಡುತ್ತಿದ್ದರೆ ನಡುವೆ ಒಂದು ಕೊಂಕು ಎಸೆಯುತ್ತಾನೆ. ಸಿಐಎಯ ಟೆಡ್ ನ್ಯಾಶ್‌ನನ್ನು ಕಂಡರೆ ಅವನಿಗೆ ಆಗುವುದೇ ಇಲ್ಲ. ಅವರಿಬ್ಬರು ಒಂದೇ ಕೋಣೆಯಲ್ಲಿ ಇದ್ದರಂತೂ ಹಬ್ಬ. ಎಫ್‌ಬಿಐಯ ಕೇಟ್ ಮೇಫೀಲ್ಡ್ ಜೊತೆ ಅವನ ಮಾತಿನ ಜಟಾಪಟಿ ನಿಧಾನಕ್ಕೆ ಪ್ರೀತಿಯ ಕಡೆ ಹೊರಳುತ್ತದೆ. ಕೋರಿ ಇಲ್ಲದಿದ್ದರೆ ಪುಸ್ತಕ ಅರ್ಧಕ್ಕೇ ಬಿಡುತ್ತಿದ್ದೆ ಅನ್ನುವವರಿದ್ದಾರೆ. ಕೋರಿಯಿಂದಲೇ ಅರ್ಧಕ್ಕೆ ಬಿಟ್ಟೆ ಅನ್ನುವವರೂ ಇದ್ದಾರೆ. ಹೆಂಗಸರ ಬಗ್ಗೆ, ಅರಬ್ಬರ ಬಗ್ಗೆ ಅವನಾಡುವ ಕೆಲವು ಮಾತು ಇವತ್ತು ಓದಿದರೆ ಮುಜುಗರವಾಗುತ್ತದೆ. ಅದನ್ನು ನಾನು ಸಮರ್ಥಿಸುವುದಿಲ್ಲ. ನಡುವೆ ಒಂದಷ್ಟು ಪುಟಗಳಲ್ಲಿ ಅದೇ ಧಾಟಿಯ ತಮಾಷೆ ಜಾಸ್ತಿಯಾಯಿತು ಅಂತಲೂ ಅನಿಸುತ್ತದೆ. ಸಂಪಾದಕರು ನೂರು ಪುಟ ಕತ್ತರಿಸಿದ್ದರೆ ಕಥೆಗೆ ಏನೂ ನಷ್ಟವಿರಲಿಲ್ಲ.

ಆದರೂ ಈ ನಗು ಬೇಕೇ ಬೇಕು ಅಂತ ನಾನು ವಾದಿಸುತ್ತೇನೆ. ಖಲೀಲ್‌ನ ಅಧ್ಯಾಯಗಳನ್ನು ಗಮನಿಸಿ, ಅಲ್ಲಿ ತಮಾಷೆಯ ಸುಳಿವೂ ಇಲ್ಲ. ವಾಕ್ಯಗಳು ತಣ್ಣಗೆ, ನೇರವಾಗಿ ಹೋಗುತ್ತವೆ. ಒಂದು ಕೊಲೆ ಓದಿ ಎದೆ ಭಾರವಾದಾಗ ಕೋರಿಯ ದನಿ ಮತ್ತೆ ಕೇಳಿಸುತ್ತದೆ, ನಮಗೆ ಉಸಿರು ಬರುತ್ತದೆ. ನಕ್ಕು ಹಗುರಾಗುವ ಹೊತ್ತಿಗೆ ಮತ್ತೆ ಖಲೀಲ್ ಬರುತ್ತಾನೆ. ಬರೀ ಖಲೀಲ್ ಇದ್ದಿದ್ದರೆ ನೂರನೇ ಪುಟಕ್ಕೆ ಮನಸ್ಸು ಮರಗಟ್ಟಿ, ಮುಂದಿನ ಸಾವು ತಟ್ಟುತ್ತಲೇ ಇರಲಿಲ್ಲ. ಇನ್ನೊಂದು ಮಾತು: ಕೋರಿ ಸತ್ತವರ ಬಗ್ಗೆ ತಮಾಷೆ ಮಾಡುವುದಿಲ್ಲ. ಅವನ ಚುಚ್ಚುಮಾತೆಲ್ಲ ಅಧಿಕಾರದಲ್ಲಿರುವವರಿಗೆ, ಮಾಹಿತಿ ಮುಚ್ಚಿಡುವವರಿಗೆ. ವಿಮಾನದಲ್ಲಿ ತನ್ನ ಜೊತೆ ಕೆಲಸ ಮಾಡಿದವರ ಹೆಣ ನೋಡಿದಾಗ ಅವನ ದನಿಯೇ ಬೇರೆ.

ಪುಸ್ತಕ ಬಂದದ್ದು 2000ದಲ್ಲಿ. 2001ರ ಸೆಪ್ಟೆಂಬರ್ 11ರ ದಾಳಿಗೆ ಮುಂಚೆ ಓದಿದವರಿಗೂ ಆಮೇಲೆ ಓದಿದವರಿಗೂ ಇದು ಒಂದೇ ಪುಸ್ತಕವಲ್ಲ. ಕಾದಂಬರಿಯ ವಿಮಾನದ ಸಂಖ್ಯೆ 175. ವರ್ಲ್ಡ್ ಟ್ರೇಡ್ ಸೆಂಟರಿನ ದಕ್ಷಿಣ ಗೋಪುರಕ್ಕೆ ಬಡಿದ ಯುನೈಟೆಡ್ ವಿಮಾನದ ಸಂಖ್ಯೆಯೂ 175. ಇದು ಬರೀ ಕಾಕತಾಳೀಯ, ಆದರೂ ಓದುವಾಗ ಕೈ ಒಂದು ಕ್ಷಣ ನಿಂತುಬಿಡುತ್ತದೆ. ಅದಕ್ಕಿಂತ ನನಗೆ ಮುಖ್ಯ ಅನಿಸುವುದು ಎಫ್‌ಬಿಐ ಮತ್ತು ಸಿಐಎ ನಡುವಿನ ಎಳೆದಾಟ. ಕೋರಿ ಯಾವುದನ್ನು ಹಂಗಿಸುತ್ತಾನೋ, ಅದನ್ನೇ 2004ರಲ್ಲಿ ಆ ದಾಳಿಯ ತನಿಖೆ ನಡೆಸಿದ 9/11 ಆಯೋಗದ ವರದಿ ದೊಡ್ಡ ವೈಫಲ್ಯ ಅಂತ ಬರೆಯಿತು: ಗೊತ್ತಿದ್ದದ್ದನ್ನು ಈ ಸಂಸ್ಥೆಗಳು ಒಬ್ಬರಿಗೊಬ್ಬರು ಹೇಳಲಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಕಾಲಾಳು ಪಡೆಯ ಅಧಿಕಾರಿಯಾಗಿದ್ದ ಡಿಮಿಲ್‌ಗೆ ದೊಡ್ಡ ವ್ಯವಸ್ಥೆಗಳು ಹೇಗೆ ಎಡವುತ್ತವೆ ಅಂತ ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ.

ಕೊನೆ ಹೇಗಿದೆ ಅಂತ ನಾನು ಹೇಳುವುದಿಲ್ಲ. ಎಲ್ಲಾ ಗಂಟೂ ಬಿಚ್ಚಲಿಲ್ಲ ಅನ್ನುವ ಸಿಟ್ಟು ಬಹಳ ಓದುಗರಿಗಿದೆ. ಇಷ್ಟು ಪುಟ ಓದಿಸಿ ಹೀಗೆ ಮುಗಿಸಿದರೆ ಹೇಗೆ ಅಂತ ಕೇಳುವವರ ಸಿಟ್ಟು ನ್ಯಾಯವಾದದ್ದೇ. ಮುಂದಿನ ಭಾಗ ‘ದಿ ಲಯನ್’ ಬಂದದ್ದು 2010ರಲ್ಲಿ, ಆಗ ಕಾದವರ ಪಾಡು ಯೋಚಿಸಿ. ನಿಮಗೆ ಆ ಕಷ್ಟವಿಲ್ಲ, ಎರಡನ್ನೂ ಒಟ್ಟಿಗೆ ತರಿಸಿಕೊಳ್ಳಬಹುದು. ಕೋರಿ ಮೊದಲು ಕಾಣಿಸಿಕೊಳ್ಳುವುದು 1997ರ ‘ಪ್ಲಮ್ ಐಲ್ಯಾಂಡ್’ನಲ್ಲಿ. ಅದು ಒಳ್ಳೆಯ ಪತ್ತೇದಾರಿ, ಆದರೆ ಅದನ್ನು ಓದಿಯೇ ಇದಕ್ಕೆ ಬರಬೇಕು ಅಂತೇನಿಲ್ಲ. ವಿಮಾನದ ಬಾಗಿಲು ತೆರೆಯುವವರೆಗೆ ಓದಿ ನೋಡಿ. ಅಷ್ಟರಲ್ಲಿ ಕೋರಿಯ ಮಾತು ನಿಮಗೆ ಕಿರಿಕಿರಿ ಅನಿಸಿದರೆ ಅಲ್ಲೇ ನಿಲ್ಲಿಸಿ, ಅವನು ಮುಂದೆ ಬದಲಾಗುವುದಿಲ್ಲ. ಹಿಡಿಸಿದರೆ ರಾತ್ರಿ ಶುರು ಮಾಡಬೇಡಿ, ರಜೆ ಇರುವ ದಿನ ಬೆಳಿಗ್ಗೆ ಕೂತುಕೊಳ್ಳಿ.