ವಿಯೆಟ್ನಾಂ–ಕಾಂಬೋಡಿಯಾ ಗ್ರೂಪ್ ಟೂರ್: ಅಡ್ವಾನ್ಸ್ ಕೊಡುವ ಮುಂಚೆ

ಕಾಕಾ, ನಮಸ್ಕಾರ. ವಿಯೆಟ್ನಾಂ, ಕಾಂಬೋಡಿಯಾ ಎರಡನ್ನೂ ಎಂಟು ದಿನದಲ್ಲಿ ತೋರಿಸುವ ಪ್ಯಾಕೇಜ್ ಬಂದಿದೆ, ನವೆಂಬರ್‌ನಲ್ಲಿ ಹೊರಡುತ್ತದೆ, ನಮ್ಮ ದ್ರಾಕ್ಷಿ ಬೆಳೆಗಾರರೆಲ್ಲ ಸೇರಿ ಹೋಗೋಣವಾ ಅಂತ ಕೇಳಿದ್ದೀರಿ. ಕಾಕುಗೆ ಮೊಣಕಾಲು ನೋವು, ಶುದ್ಧ ಸಸ್ಯಾಹಾರ ಅಂತಲೂ ಬರೆದಿದ್ದೀರಿ.

ಖಂಡಿತ ಹೋಗಿ. ಆದರೆ ತಿಂಗಳು ಬದಲಿಸಿ, ಕಾಂಬೋಡಿಯಾದ ಹಳೇ ಗುಡಿಗಳ ಜಾಗ ಅಂಕೋರ್‌ಗೆ ಮೂರು ದಿನ ಇಡಿಸಿಕೊಳ್ಳಿ. ಇವೆರಡು ಸರಿಯಾದರೆ ಉಳಿದದ್ದು ಹೊಂದಿಸಬಹುದು.

ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆ ಸೀಸನ್ ಅಂತ ಟೂರಿನವರು ಹೇಳುತ್ತಾರೆ. ಕಾಂಬೋಡಿಯಾ ಮಟ್ಟಿಗೆ ಅದು ನಿಜ. ಆದರೆ ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಮುಗಿದು ಚಿಗುರು ಬಂದು ಗೊನೆ ಕಾಣುವ ಹೊತ್ತಿಗೆ ತೋಟ ಬಿಟ್ಟು ಹೋಗಲು ಯಾರಿಗೆ ಮನಸ್ಸು ಬರುತ್ತದೆ? ಮೋಡ ಕವಿದ ದಿನ ಔಷಧಿ ತಪ್ಪಿದರೆ ಡೌನಿ ರೋಗ ಬಂದೇ ಬಿಡುತ್ತದೆ. ಇನ್ನೊಂದು ವಿಷಯ ಅವರು ಹೇಳುವುದಿಲ್ಲ. ಮಧ್ಯ ವಿಯೆಟ್ನಾಂನಲ್ಲಿ, ಅಂದರೆ ದಾನಾಂಗ್, ಹೊಯ್ ಆನ್ ಕಡೆ, ಅಕ್ಟೋಬರ್–ನವೆಂಬರ್ ಜೋರು ಮಳೆಯ ಕಾಲ. ಹೊಯ್ ಆನ್ ಹಳೇ ಪೇಟೆಗೆ ಹೊಳೆ ನೀರು ನುಗ್ಗುವುದೂ ಆಗಲೇ.

ಜುಲೈ ನೋಡಿ. ಎಪ್ರಿಲ್ ಚಾಟ್ನಿ ಮುಗಿದು ಕಡ್ಡಿ ಬಲಿಯುತ್ತಿರುತ್ತದೆ, ಕೆಲಸ ಹಗುರ. ದಾನಾಂಗ್ ಕಡೆ ಬಿಸಿಲು ಜಾಸ್ತಿ, ಆದರೆ ಮಳೆ ಕಡಿಮೆ. ಕಾಂಬೋಡಿಯಾದಲ್ಲಿ ಮಳೆಗಾಲ ಹೌದು, ಆದರೆ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಬೆಳಿಗ್ಗೆ ಗುಡಿ ನೋಡಿ, ಊಟ ಮಾಡಿ ವಿಶ್ರಾಂತಿ ತೆಗೆದುಕೊಳ್ಳಿ. ಆ ತಿಂಗಳು ಜನರ ಗದ್ದಲವೂ ಕಡಿಮೆ.

ಇನ್ನು ಅಂಕೋರ್. ಪ್ಯಾಕೇಜಿನಲ್ಲಿ 'ಅಂಕೋರ್ ಸೇರಿದೆ' ಅಂತ ಬರೆದಿದ್ದರೆ ಎಷ್ಟು ದಿನದ ಪಾಸ್ ಅಂತ ಕೇಳಿ. ಒಂದು ದಿನದ್ದು 37 ಡಾಲರ್, ಮೂರು ದಿನದ್ದು 62 ಡಾಲರ್. ಆ ಮೂರು ದಿನ ಸತತ ಇರಬೇಕಿಲ್ಲ, ಹತ್ತು ದಿನದೊಳಗೆ ಯಾವಾಗ ಬೇಕಾದರೂ ಬಳಸಬಹುದು. ಒಂದೇ ದಿನ ಅಂದರೆ ಅಂಕೋರ್ ವಾಟ್, ಬಾಯೋನ್, ತಾ ಪ್ರೋಮ್ ಮೂರೂ ಗುಡಿಗಳನ್ನು ಓಡಿಸಿ ತೋರಿಸುತ್ತಾರೆ. ಫೋಟೋ ಸಿಗುತ್ತದೆ, ನೋಡಿದ ಹಾಗೆ ಆಗುವುದಿಲ್ಲ.

ಅಂಕೋರ್ ವಾಟ್ ಕಟ್ಟಿಸಿದ್ದು 12ನೇ ಶತಮಾನದ ಎರಡನೇ ಸೂರ್ಯವರ್ಮ, ವಿಷ್ಣುವಿಗಾಗಿ. ನಡುಗೋಪುರ 65 ಮೀಟರ್. ಅಲ್ಲಿಗೆ ಹತ್ತುವ ಮೆಟ್ಟಿಲು ಬಹಳ ಕಡಿದು, ಕಾಕು ಹತ್ತುವುದು ಬೇಡ. ಅದರಿಂದ ಅವರಿಗೆ ಏನೂ ತಪ್ಪುವುದಿಲ್ಲ. ಗುಡಿಯ ನಿಜವಾದ ಸಂಪತ್ತು ಕೆಳಗಿನ ಪಡಸಾಲೆಯ ಗೋಡೆಗಳಲ್ಲಿದೆ. ಪೂರ್ವಕ್ಕೆ ಸಮುದ್ರ ಮಥನ, ಪಶ್ಚಿಮಕ್ಕೆ ಒಂದು ಕಡೆ ಕುರುಕ್ಷೇತ್ರ, ಇನ್ನೊಂದು ಕಡೆ ಲಂಕೆಯ ಯುದ್ಧ. ಸಮುದ್ರ ಮಥನ ಒಂದೇ ಸುಮಾರು 49 ಮೀಟರ್ ಉದ್ದ. ಶರಶಯ್ಯೆಯ ಮೇಲಿನ ಭೀಷ್ಮನನ್ನು ಗೈಡ್ ಇಲ್ಲದೆಯೂ ನೀವೇ ಗುರುತಿಸುತ್ತೀರಿ. ಇಲ್ಲಿಗೆ ಎರಡು ಗಂಟೆಯಾದರೂ ಬೇಕು ಅಂತ ಮೊದಲೇ ಹೇಳಿಬಿಡಿ.

ಗೋಲಗುಂಬಜ್ ನೋಡಿ ಬೆಳೆದ ನಮಗೆ ಅಲ್ಲಿ ಒಂದು ವ್ಯತ್ಯಾಸ ತಕ್ಷಣ ಕಾಣುತ್ತದೆ. ಈ ಗುಡಿಗಳನ್ನು ಕಟ್ಟಿದ ಖ್ಮೇರ್ ಜನ ನಿಜವಾದ ಕಮಾನು ಕಟ್ಟಲಿಲ್ಲ. ಕಲ್ಲಿನ ಮೇಲೆ ಕಲ್ಲನ್ನು ಸ್ವಲ್ಪ ಸ್ವಲ್ಪ ಮುಂದೆ ಚಾಚಿಸಿ ಮೇಲೆ ಕೂಡಿಸಿದರು. ಅದಕ್ಕೇ ಅಷ್ಟು ದೊಡ್ಡ ಗುಡಿಯಲ್ಲೂ ಒಳಗಿನ ದಾರಿಗಳು ಇಕ್ಕಟ್ಟು.

ನಾವು ರೈತರು, ಆದ್ದರಿಂದ ಅಂಕೋರ್‌ನ ಪಶ್ಚಿಮ ಬಾರಾಯ್ ಕೆರೆ ತೋರಿಸಿ ಅಂತ ಪಟ್ಟು ಹಿಡಿಯಿರಿ. ಸುಮಾರು 8 ಕಿ.ಮೀ. ಉದ್ದ, 2 ಕಿ.ಮೀ. ಅಗಲ. 11ನೇ ಶತಮಾನದ್ದು, ಇವತ್ತಿಗೂ ನೀರಿದೆ. ವಿಜಯಪುರದ ಬೇಗಂ ತಲಾಬ್ ಕೆರೆ ನೋಡಿದವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಹೆಚ್ಚಿನ ಗ್ರೂಪ್‌ಗಳು ಅದನ್ನು ಬಿಟ್ಟು ಅಂಗಡಿಗೆ ಕರೆದುಕೊಂಡು ಹೋಗುತ್ತವೆ.

ವಿಯೆಟ್ನಾಂನಲ್ಲಿ ಮೀ ಸೋನ್ ಇದೆಯಾ ನೋಡಿ. ದಾನಾಂಗ್‌ನಿಂದ ಸುಮಾರು 70 ಕಿ.ಮೀ. ಅಲ್ಲಿನ ಹಳೇ ಚಂಪಾ ರಾಜ್ಯದ ರಾಜರ ಶಿವನ ಗುಡಿಗಳು, ಇಟ್ಟಿಗೆಯವು. 1969ರ ಅಮೆರಿಕದ ಬಾಂಬ್ ದಾಳಿಯಲ್ಲಿ ಬಹಳಷ್ಟು ಹಾಳಾದವು. ಕೆಲವನ್ನು ದುರಸ್ತಿ ಮಾಡಿದ್ದು ನಮ್ಮ ಪುರಾತತ್ವ ಇಲಾಖೆಯವರೇ. 2020ರಲ್ಲಿ ಆ ಕೆಲಸ ಮಾಡುವಾಗಲೇ 9ನೇ ಶತಮಾನದ ಏಕಶಿಲೆಯ ಶಿವಲಿಂಗ ಸಿಕ್ಕಿತು. ದಾನಾಂಗ್‌ಗೆ ಹೋಗಿ ಇದನ್ನು ಬಿಟ್ಟು ಬಂದರೆ ನನಗಂತೂ ಬೇಜಾರು.

ವೀಸಾ ವಿಷಯದಲ್ಲಿ ಎಚ್ಚರ. ವಿಯೆಟ್ನಾಂನಿಂದ ಕಾಂಬೋಡಿಯಾಕ್ಕೆ ಹೋಗಿ, ಮತ್ತೆ ವಿಯೆಟ್ನಾಂ ಮೂಲಕ ವಾಪಸ್ ಬರುವ ದಾರಿ ಇದ್ದರೆ ವಿಯೆಟ್ನಾಂನ ಒಂದೇ ಸಲದ ಪ್ರವೇಶದ ವೀಸಾ ಸಾಲದು. ಅದು 25 ಡಾಲರ್, ಹಲವು ಸಲದ್ದು 50 ಡಾಲರ್. ಯಾವುದು ಮಾಡಿಸುತ್ತಾರೆ ಕೇಳಿ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು. ವೀಸಾದಲ್ಲಿ, ಟಿಕೆಟ್‌ನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಅಕ್ಷರಕ್ಕೆ ಅಕ್ಷರ ಇರಲಿ. ನಮ್ಮಲ್ಲಿ ಅಡ್ಡಹೆಸರು ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ ಇರುತ್ತದಲ್ವಾ, ಅಲ್ಲೇ ತೊಡಕು. ಎಸ್ಸೆಸ್ಸೆಲ್ಸಿ ಆಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ (ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು ಅನ್ನುವ ಗುರುತು) ಅಂತ ಇರಬಹುದು. ಹೆದರಬೇಡಿ, ಈ ಪ್ರವಾಸಕ್ಕೆ ಅದು ಅಡ್ಡಿಯಲ್ಲ. ಪ್ಯಾಕೇಜಿನ ಮೇಲೆ ಟೂರಿನವರು ಹಿಡಿಯುವ ಟಿಸಿಎಸ್ ತೆರಿಗೆ ನಿಮ್ಮ ಪ್ಯಾನ್‌ಗೆ ಜಮೆ ಆಗಲಿ. ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಊಟಕ್ಕೆ, ಎರಡೂ ದೇಶದಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. ವಿಯೆಟ್ನಾಂನಲ್ಲಿ 'ಚಾಯ್' ಅಂತ ಬೋರ್ಡ್ ಇರುವ ಹೋಟೆಲ್ ನೋಡಿ, ಅವು ಸಸ್ಯಾಹಾರದವು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಜೊತೆಗಿರಲಿ. ಕಾಂಬೋಡಿಯಾದಲ್ಲಿ ಡಾಲರ್ ನಡೆಯುತ್ತದೆ, ಆದರೆ ಸ್ವಲ್ಪ ಹರಿದ ನೋಟನ್ನೂ ತೆಗೆದುಕೊಳ್ಳುವುದಿಲ್ಲ. ವಿಯೆಟ್ನಾಂನ 20,000 ಮತ್ತು 5,00,000 ಡಾಂಗ್ ನೋಟು ಎರಡೂ ನೀಲಿ, ಬೇರೆ ಬೇರೆ ಜೇಬಿನಲ್ಲಿಡಿ. ಗುಡಿಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಬೇಕು.

ಹೊರಡುವ ಮುಂಚೆ ಒಂದು ಭಾನುವಾರ ಎಲ್ಲರೂ ಪಟ್ಟದಕಲ್ಲಿಗೆ ಹೋಗಿ ಬನ್ನಿ. ಅಲ್ಲಿನ ವಿರೂಪಾಕ್ಷ ಗುಡಿ ಅಂಕೋರ್ ವಾಟ್‌ಗಿಂತ ಸುಮಾರು 400 ವರ್ಷ ಹಳೆಯದು. ಅದನ್ನು ನೋಡಿಕೊಂಡು ಹೋದರೆ ಅಂಕೋರ್‌ನಲ್ಲಿ ಗೈಡ್‌ಗೆ ಕೇಳಲು ನಿಮ್ಮ ಹತ್ತಿರ ಪ್ರಶ್ನೆಗಳಿರುತ್ತವೆ.

ಅಡ್ವಾನ್ಸ್ ಕೊಡುವ ಮುಂಚೆ ದಿನವಾರು ಪಟ್ಟಿಯ ಫೋಟೋ ಇಲ್ಲಿ ಹಾಕಿ ಕಾಕಾ. ಯಾವ ದಿನ ಗುಡಿಗೆ, ಯಾವ ದಿನ ಸುಮ್ನೆ ಅಂಗಡಿಗೆ ಅಂತ ಕೂತು ನೋಡೋಣ.