ಸಿಗ್ನಲ್ ಫುಲ್, ಇಂಟರ್ನೆಟ್ ಇಲ್ಲ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮನೆಯಲ್ಲಿ 4ಜಿ ಸಿಗ್ನಲ್ ಫುಲ್ ತೋರಿಸುತ್ತದೆ. ರಾತ್ರಿ 8ರಿಂದ 11ರವರೆಗೆ ಮಾತ್ರ ವಿಡಿಯೊ ಸುತ್ತುತ್ತಲೇ ಇರುತ್ತದೆ. ದೂರು ಕೊಟ್ಟರೆ ‘ಟವರ್‌ನಲ್ಲಿ ದೋಷವಿಲ್ಲ’ ಎನ್ನುತ್ತಾರೆ. ಅವರ ಬಳಿ ಎಲ್ಲ ಡೇಟಾ ಇರುತ್ತದಲ್ಲವೇ?
– ಓದುಗರು, ಸಾಗರ

ಉತ್ತರ: ಇರುತ್ತದೆ, ನೋಡಿರುವುದಿಲ್ಲ ಅಷ್ಟೆ. ದೂರಿಗೆ ಉತ್ತರಿಸುವವರು ಸಾಮಾನ್ಯವಾಗಿ ನೋಡುವುದು ಅಲಾರ್ಮ್ ಪಟ್ಟಿಯನ್ನು. ಕರೆಂಟ್ ಹೋದರೆ, ಫೈಬರ್ ತುಂಡಾದರೆ ಅಲ್ಲಿ ಗೊತ್ತಾಗುತ್ತದೆ. ಜನ ಹೆಚ್ಚಾದರೆ ಗೊತ್ತಾಗದು. ಅದಕ್ಕೆ ಪ್ರತಿ ಸೆಕ್ಟರ್ (ಟವರ್‌ನಲ್ಲಿ ಒಂದೊಂದು ದಿಕ್ಕಿಗಿರುವ ಆಂಟೆನಾ ಭಾಗ) ಸಾಮಾನ್ಯವಾಗಿ 15 ನಿಮಿಷಕ್ಕೊಮ್ಮೆ ಕಳಿಸುವ ಕೌಂಟರ್‌ಗಳನ್ನು, ಅಂದರೆ ಬಳಕೆಯ ಅಂಕಿಅಂಶಗಳನ್ನು, ತೆಗೆದು ನೋಡಬೇಕು.

ಮೊದಲನೆಯದು ಪಿಆರ್‌ಬಿ ಬಳಕೆ. ಫೋನುಗಳಿಗೆ ಹಂಚುವ ತರಂಗಾಂತರದ ತುಂಡುಗಳಿವು: 20 ಮೆಗಾಹರ್ಟ್ಸ್‌ನ 4ಜಿಯಲ್ಲಿ 100, 5 ಮೆಗಾಹರ್ಟ್ಸ್‌ನಲ್ಲಿ 25. ರಾತ್ರಿ 9ಕ್ಕೆ ಶೇ 95 ತುಂಬಿದ್ದರೂ ದಿನದ ಸರಾಸರಿ ಶೇ 40 ಎಂದೇ ಕಾಣಬಹುದು. ಈ ಸರಾಸರಿಯನ್ನು ನಂಬಿ ಎಷ್ಟೋ ದೂರುಗಳು ಮುಚ್ಚಿಹೋಗುತ್ತವೆ.

ಆಮೇಲೆ ಸಿಕ್ಯುಐ, ಅಂದರೆ ತನಗೆ ಸಿಗುವ ಸಿಗ್ನಲ್‌ನ ಗುಣಮಟ್ಟಕ್ಕೆ ಫೋನ್ ಕೊಡುವ 0ರಿಂದ 15ರ ಅಂಕ. ತುಂಡುಗಳು ಭರ್ತಿಯಾಗಿ ಅಂಕವೂ ಚೆನ್ನಾಗಿದ್ದರೆ ನಿಜಕ್ಕೂ ದಟ್ಟಣೆ. 850 ಮೆಗಾಹರ್ಟ್ಸ್‌ನಲ್ಲಿ ತುಂಬಿಕೊಂಡವರನ್ನು 1800 ಅಥವಾ 2300ಕ್ಕೆ ಸರಿಸಬೇಕು, ಇಲ್ಲವೇ ಹೊಸ ಕ್ಯಾರಿಯರ್ (ಹೆಚ್ಚುವರಿ ತರಂಗಾಂತರದ ಪಟ್ಟಿ) ಹಾಕಬೇಕು. ಅಂಕ 5–6ಕ್ಕೆ ಇಳಿದಿದ್ದರೆ ಕ್ಯಾರಿಯರ್‌ಗೆ ದುಡ್ಡು ಸುರಿಯುವ ಮೊದಲು ಫೋನ್ ಟವರ್‌ನಿಂದ ಎಷ್ಟು ದೂರವಿದೆ ಎಂದು ತಿಳಿಸುವ ಟೈಮಿಂಗ್ ಅಡ್ವಾನ್ಸ್ ನೋಡುವುದು ಜಾಣತನ. ಅದರ ಒಂದು ಹೆಜ್ಜೆಗೆ ಸುಮಾರು 78 ಮೀಟರ್. 2 ಕಿಲೋಮೀಟರ್‌ಗೆಂದು ಇಟ್ಟ ಸೆಕ್ಟರ್‌ಗೆ 6 ಕಿಲೋಮೀಟರ್ ಆಚೆಯವರು ಜೋತುಬಿದ್ದಿದ್ದರೆ, ಅವರ ದುರ್ಬಲ ಸಂಪರ್ಕವೇ ತುಂಡುಗಳನ್ನು ನುಂಗುತ್ತಿರುತ್ತದೆ. ಆಂಟೆನಾವನ್ನು ಒಂದೆರಡು ಡಿಗ್ರಿ ಕೆಳಕ್ಕೆ ಬಾಗಿಸಿದರೆ ಸರಿಹೋಗಬಹುದು. ಅತಿಯಾದರೆ ಗುಡ್ಡದಾಚೆಯ ಊರಿಗೆ ಫೋನ್ ಕರೆಯೂ ಸಿಗದು. ಮಲೆನಾಡಿನಲ್ಲಿ ಈ ಎಚ್ಚರ ಬೇಕೇ ಬೇಕು. ಪಿಆರ್‌ಬಿ ಖಾಲಿ ಇದ್ದೂ ವೇಗವಿಲ್ಲದಿದ್ದರೆ ಟವರ್‌ಗೆ ಬರುವ ಮೈಕ್ರೊವೇವ್ ಅಥವಾ ಫೈಬರ್ ಸಂಪರ್ಕದ ಸಾಮರ್ಥ್ಯವನ್ನು ಅನುಮಾನಿಸಬೇಕು.

ನೀವು ಹೀಗೆ ಮಾಡಿ: ಹಲವು ಆಂಡ್ರಾಯ್ಡ್ ಫೋನುಗಳಲ್ಲಿ *#*#4636#*#* ಒತ್ತಿದರೆ ಸಿಗ್ನಲ್ ಡಿಬಿಎಂನಲ್ಲಿ (ಸಿಗ್ನಲ್‌ನ ಬಲ ಅಳೆಯುವ ಮಾನ) ಕಾಣುತ್ತದೆ. ಬೆಳಿಗ್ಗೆ 6ಕ್ಕೂ ರಾತ್ರಿ 9ಕ್ಕೂ ಅದು −85ರ ಆಸುಪಾಸಿನಲ್ಲೇ ಇದ್ದು ವೇಗ ಮಾತ್ರ ಕುಸಿದರೆ, ಎರಡೂ ಹೊತ್ತಿನ ಸ್ಕ್ರೀನ್‌ಶಾಟ್ ಲಗತ್ತಿಸಿ ‘ಬ್ಯುಸಿ ಅವರ್ ಪಿಆರ್‌ಬಿ ಪರಿಶೀಲಿಸಿ’ ಎಂದು ದೂರಿನಲ್ಲಿ ಬರೆಯಿರಿ. ವೈಫೈ ಆಫ್ ಮಾಡಿರಬೇಕು.

ಪ್ರಶ್ನೆ: ಅಲಾರ್ಮ್ ಬಾರದೆಯೇ ಟವರ್ ಕೆಟ್ಟರೆ ಪತ್ತೆ ಹೇಗೆ?
– ಓದುಗರು, ಹೊಸಪೇಟೆ

ಉತ್ತರ: ಇದನ್ನು ಸ್ಲೀಪಿಂಗ್ ಸೆಲ್ ಎನ್ನುತ್ತಾರೆ. ಯಂತ್ರದ ವರದಿ ಸರಿಯಾಗೇ ಇರುತ್ತದೆ, ಟ್ರಾಫಿಕ್ ಸೊನ್ನೆ. ಹಿಂದಿನ ವಾರಗಳ ಅದೇ ದಿನದ ಅದೇ ಗಂಟೆಯೊಂದಿಗೆ ಹೋಲಿಸಿ ಹಿಡಿಯಬೇಕು. ನಿನ್ನೆಯೊಂದಿಗೆ ಹೋಲಿಸಿದರೆ ಪ್ರತಿ ಭಾನುವಾರ ಕಾಲೇಜಿನ ಟವರ್ ಕೆಟ್ಟಂತೆಯೇ ಕಾಣುತ್ತದೆ! ಪಕ್ಕದ ಸೆಕ್ಟರ್‌ಗಳಲ್ಲಿ ಅದೇ ಹೊತ್ತಿಗೆ ಟ್ರಾಫಿಕ್ ಏರಿದ್ದರೆ ಅನುಮಾನ ಗಟ್ಟಿ. ರೀಸೆಟ್ ಮಾಡಿದರೆ ಹಲವು ಸಲ ಸರಿಯಾಗುತ್ತದೆ. ಮತ್ತೆ ಮತ್ತೆ ಮಲಗಿದರೆ ರೇಡಿಯೊ ಯೂನಿಟ್ ಮತ್ತು ಕೇಬಲ್ ಪರೀಕ್ಷಿಸಬೇಕು.