‘ಸ್ಪಷ್ಟವಾಗಿ ಬರೆದರೆ ಸಿಕ್ಕಿಬೀಳುತ್ತೇನೆ ಮೇಡಂ’

ಕಂಪನಿಗಳಲ್ಲಿ ವಾರ್ಷಿಕ ಮೌಲ್ಯಮಾಪನ ನಡೆಯುವ ತಿಂಗಳುಗಳಲ್ಲಿ ಒಂದೇ ಬಗೆಯ ಸಂಕಟ ಹೊತ್ತು ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬರುವವರು ಹೆಚ್ಚುತ್ತಾರೆ. ಕೆಲಸ ಚೆನ್ನಾಗಿ ಗೊತ್ತಿರುತ್ತದೆ, ದುಡಿಮೆಯಲ್ಲಿ ಕೊರತೆ ಇರುವುದಿಲ್ಲ. ಆದರೆ ಮೇಲಧಿಕಾರಿ ಒಂದು ಸಾಲು ಬರೆದಿರುತ್ತಾರೆ: ‘ಸಂವಹನ ಕೌಶಲ ಸುಧಾರಿಸಬೇಕು.’ ಅದನ್ನು ಓದಿದವರು ತಾವಾಗಿಯೇ ಅದಕ್ಕೊಂದು ಅರ್ಥ ಹಚ್ಚಿಕೊಳ್ಳುತ್ತಾರೆ, ನನ್ನ ಇಂಗ್ಲಿಷ್ ಸರಿಯಿಲ್ಲ ಎಂದು. ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿದವರಾದರಂತೂ ಕೇಳುವುದೇ ಬೇಡ. ಸ್ಪೋಕನ್ ಇಂಗ್ಲಿಷ್ ತರಗತಿಗೆ ಹಣ ಕಟ್ಟುತ್ತಾರೆ, ಒಂದು ಮೇಲ್ ಕಳುಹಿಸುವ ಮೊದಲು ಹತ್ತು ಸಲ ತಿದ್ದುತ್ತಾರೆ, ನಿದ್ದೆ ಕಳೆದುಕೊಳ್ಳುತ್ತಾರೆ. ಇವರಲ್ಲಿ ಹೆಚ್ಚಿನವರ ತೊಂದರೆ ಭಾಷೆಯಲ್ಲಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಅದನ್ನು ಗಟ್ಟಿ ಮಾಡಿದ ಪ್ರಕರಣವೊಂದನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅವರನ್ನು ಶೈಲಜಾ ಎನ್ನೋಣ. ವಯಸ್ಸು ಮೂವತ್ತರ ಆಸುಪಾಸು. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ, ಸಂಜೆ ಕಾಲೇಜಿನಲ್ಲಿ ಬಿ.ಇ. ಮಾಡಿಕೊಂಡವರು. ಯಂತ್ರಭಾಗಗಳನ್ನು ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಎಂಜಿನಿಯರ್. ಭಾನುವಾರ ಸಂಜೆಯಾಗುತ್ತಲೇ ಎದೆ ಹೊಡೆದುಕೊಳ್ಳುತ್ತದೆ, ಕಚೇರಿಯ ಮೇಲ್ ತೆರೆಯಲು ಕೈ ಬರುವುದಿಲ್ಲ ಎಂದರು. ಇಸಿಜಿ, ಥೈರಾಯ್ಡ್ ಎಲ್ಲ ಪರೀಕ್ಷೆಗಳೂ ಸರಿಯಾಗಿದ್ದವು.

ಇದೆಲ್ಲ ಶುರುವಾದದ್ದು ವಾಪಸು ಬಂದ ಒಂದು ಬ್ಯಾಚಿನಿಂದ. ಬೇರಿಂಗ್ ಕೂರುವ 52 ಮಿಲಿಮೀಟರ್ ಬೋರುಗಳು (ರಂಧ್ರಗಳು) ಬಿಗಿಯಾಗಿವೆ, ಬೇರಿಂಗ್ ಒಳಗೆ ಹೋಗುತ್ತಿಲ್ಲ ಎಂದು ಗ್ರಾಹಕರು ತಿರಸ್ಕರಿಸಿದ್ದರು. ಸಭೆಯಲ್ಲಿ ಮ್ಯಾನೇಜರ್, ‘ಬೋರ್ ಅಳೆಯುವ ಗೇಜ್ ಕೆಟ್ಟಿದ್ದು ನಿಮಗೆ ಗೊತ್ತಿತ್ತಂತೆ, ಮೊದಲೇ ಯಾಕೆ ಹೇಳಲಿಲ್ಲ?’ ಎಂದು ಕೇಳಿದರು. ‘ಮೇಲ್ ಮಾಡಿದ್ದೆ ಸರ್’ ಎಂದರು ಶೈಲಜಾ. ಅದನ್ನು ಅಲ್ಲಿಯೇ ಪರದೆಯ ಮೇಲೆ ತೆರೆದರು. ಎಲ್ಲರೂ ಓದಿದ ಮೇಲೆ ಮ್ಯಾನೇಜರ್ ಕೇಳಿದ ಪ್ರಶ್ನೆ: ‘ಇದರಲ್ಲಿ ಎಲ್ಲಿ ಹೇಳಿದ್ದೀರಿ?’

ಮೊದಲ ಕೆಲವು ಭೇಟಿಗಳು ಉಸಿರಾಟದ ಅಭ್ಯಾಸ, ನಿದ್ದೆಯ ಕ್ರಮ, ಮನೆಯ ಪರಿಸ್ಥಿತಿ ಇವುಗಳಲ್ಲಿ ಕಳೆದವು. ಅವುಗಳ ವಿವರ ಇಲ್ಲಿ ಬೇಡ. ಆ ಮೇಲನ್ನು, ಕಂಪನಿಯ ಮತ್ತು ಬಿಡಿಭಾಗದ ಗುರುತುಗಳನ್ನು ಅಳಿಸಿ, ಕಾಗದದ ಮೇಲೆ ಬರೆದು ತನ್ನಿ ಎಂದು ಕೇಳಿಕೊಂಡೆ. ತಂದರು.

ಇಂಗ್ಲಿಷ್‌ನಲ್ಲಿ ಹೇಳಿಕೊಳ್ಳುವಂಥ ತಪ್ಪೇನೂ ಇರಲಿಲ್ಲ. ವಿಷಯದ ಸಾಲಿನಲ್ಲಿ ‘ಗೇಜ್ ಕುರಿತು’ ಎಂದಷ್ಟೇ ಇತ್ತು. ಮೊದಲ ಪ್ಯಾರಾದಲ್ಲಿ ಹಿಂದಿನ ಮೇಲ್‌ಗಳ ಉಲ್ಲೇಖ. ಎರಡನೆಯದರಲ್ಲಿ ಅಳತೆ ಸಾಧನಗಳನ್ನು ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸಬೇಕೆಂಬ ನಿಯಮ. ಮೂರನೆಯದರಲ್ಲಿ ಆ ವಾರ ತಮ್ಮ ವಿಭಾಗ ಪಾಲಿಸಿದ ಕ್ರಮಗಳು. ನಾಲ್ಕನೆಯ ಪ್ಯಾರಾದ ನಡುವಿನಲ್ಲಿ, ‘ಒಂದು ಗೇಜಿನ ರೀಡಿಂಗ್ ಸ್ವಲ್ಪ ಹೆಚ್ಚಿರುವಂತೆ ಕಂಡುಬರುತ್ತಿದ್ದು, ದಯವಿಟ್ಟು ಪರಿಶೀಲಿಸಿ ಅಗತ್ಯ ಕ್ರಮ ಕೈಗೊಳ್ಳಬೇಕು’ ಎಂಬ ಅರ್ಥದ ವಾಕ್ಯ. ಕೊನೆಗೆ ವಂದನೆಗಳು. ಯಾವ ಗೇಜ್, ಎಷ್ಟು ಹೆಚ್ಚು, ಯಾರು ಪರಿಶೀಲಿಸಬೇಕು, ಅಲ್ಲಿಯವರೆಗೆ ಯಂತ್ರ ಓಡಬೇಕೋ ನಿಲ್ಲಬೇಕೋ, ಒಂದೂ ಇರಲಿಲ್ಲ. ಹನ್ನೊಂದು ಜನರಿಗೆ ಹೋಗಿತ್ತು.

ನಾನು ಅದರ ಬಗ್ಗೆ ಏನೂ ಹೇಳದೆ ಕಾಗದವನ್ನು ಮಗುಚಿಟ್ಟು ಕೇಳಿದೆ: ‘ಮೇಲ್ ಬಿಡಿ. ಆವತ್ತು ಯಂತ್ರದ ಹತ್ತಿರ ಹೋಗಿ ಆಪರೇಟರ್‌ಗೆ ಬಾಯಲ್ಲಿ ಹೇಳುವುದಿದ್ದರೆ ಏನು ಹೇಳುತ್ತಿದ್ದಿರಿ?’

ಅವರು ಒಂದು ಕ್ಷಣವೂ ತಡೆಯಲಿಲ್ಲ. ‘ಅಣ್ಣ, ಈ ಬೋರ್ ಗೇಜ್ ಮುಟ್ಟಬೇಡಿ. 52ರ ಮಾಸ್ಟರ್ ರಿಂಗ್‌ಗೆ ಹಾಕಿದರೆ 52.02 ತೋರಿಸುತ್ತಿದೆ. ಬೆಳಗ್ಗೆಯಿಂದ ಆಗಿರುವ ಪೀಸುಗಳನ್ನೆಲ್ಲ ಪಕ್ಕಕ್ಕಿಡಿ, ಬೇರೆ ಗೇಜ್ ತರುತ್ತೇನೆ, ಮತ್ತೆ ಅಳೆಯೋಣ.’

ಮಾಸ್ಟರ್ ರಿಂಗ್ ಎಂದರೆ ಗೇಜ್ ಸರಿಯಿದೆಯೇ ಎಂದು ನೋಡಲು ಬಳಸುವ, ನಿಖರ ಅಳತೆಯ ಉಂಗುರ. ‘ಆ 0.02 ದೊಡ್ಡ ವ್ಯತ್ಯಾಸವೇ?’ ಎಂದೆ.

‘ದೊಡ್ಡದು ಮೇಡಂ. ಈ ಬೋರಿಗೆ ಇರುವ ಅವಕಾಶವೇ 30 ಮೈಕ್ರಾನ್, ಅಂದರೆ 0.03 ಮಿಲಿಮೀಟರ್. ಗೇಜ್ 20 ಮೈಕ್ರಾನ್ ಸುಳ್ಳು ಹೇಳಿದರೆ, ಚಿಕ್ಕದಾದ ಬೋರೂ ಸರಿಯಾಗಿದೆ ಎಂದು ಪಾಸಾಗಿಬಿಡುತ್ತದೆ. ಆಗಿದ್ದೂ ಅದೇ.’

ಯಂತ್ರಶಾಸ್ತ್ರದ ಗಂಧಗಾಳಿಯಿಲ್ಲದ ನನಗೂ ಒಂದೇ ಸಲಕ್ಕೆ ಅರ್ಥವಾಯಿತು. ‘ಇದನ್ನೇ ಯಾಕೆ ಬರೆಯಲಿಲ್ಲ?’ ಎಂದು ಕೇಳಿದೆ. ಇಂಗ್ಲಿಷ್ ಬರುವುದಿಲ್ಲ ಎನ್ನುತ್ತಾರೆಂದುಕೊಂಡಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಹೇಳಿದರು: ‘ಹೀಗೆ ಬರೆದು, ಆಮೇಲೆ ಗೇಜ್ ಸರಿಯಾಗಿಯೇ ಇತ್ತು ಎಂದಾದರೆ? ಲೈನ್ ನಿಲ್ಲಿಸಿದ ನಷ್ಟ ಯಾರ ತಲೆಗೆ? ಸ್ಪಷ್ಟವಾಗಿ ಬರೆದರೆ ಸಿಕ್ಕಿಬೀಳುತ್ತೇನೆ ಮೇಡಂ. ಆ ಮೇಲ್‌ನ ಥರ ಬರೆದರೆ, ಹೇಳಿದ ಹಾಗೂ ಆಗುತ್ತದೆ, ಹೇಳದ ಹಾಗೂ ಆಗುತ್ತದೆ.’

ನಮ್ಮ ಇಡೀ ಕೆಲಸದ ದಿಕ್ಕು ಬದಲಾದದ್ದು ಈ ಮಾತಿನಿಂದ. ಅಷ್ಟು ಹೊತ್ತು ತನ್ನ ದಡ್ಡತನ ಎಂದು ಅವರು ಹೊತ್ತು ತಿರುಗುತ್ತಿದ್ದದ್ದು, ಆತ್ಮರಕ್ಷಣೆಗಾಗಿ ಬಹಳ ಜಾಣತನದಿಂದ ಕಟ್ಟಿಕೊಂಡ ಬರವಣಿಗೆಯಾಗಿತ್ತು. ನಾಲ್ಕನೆಯ ಪ್ಯಾರಾದಲ್ಲಿ ಆ ವಾಕ್ಯ ಸೇರಿಕೊಂಡದ್ದು ಆಕಸ್ಮಿಕವಾಗಿರಲಿಲ್ಲ. ಅಲ್ಲಿ ಅದು ಬೇಕೆಂದೇ ಬಚ್ಚಿಟ್ಟುಕೊಂಡಿತ್ತು. ಇಂಥವರಿಗೆ ವ್ಯಾಕರಣ ಕಲಿಸಿದರೆ ಇನ್ನಷ್ಟು ಸೊಗಸಾಗಿ ಬಚ್ಚಿಡುವುದನ್ನು ಕಲಿಯುತ್ತಾರೆ, ಅಷ್ಟೇ.

ಕನ್ನಡದಲ್ಲೇ ಕಚೇರಿ ಕೆಲಸ ಮಾಡುವವರೂ ನನ್ನ ಬಳಿ ಬರುತ್ತಾರೆ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಆರಂಭವಾಗಿ ‘ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರಿದೆ’ ಎಂದು ಮುಗಿಯುವ ಅವರ ಟಿಪ್ಪಣಿಗಳಲ್ಲೂ ಇದೇ ತೊಂದರೆ. ತಾಯ್ನುಡಿಯಲ್ಲಿ ಬರೆದರೂ ಯಾರು ಏನು ಮಾಡಬೇಕೆಂಬುದು ತಿಳಿಯುವುದಿಲ್ಲ. ಶಾಲೆಯಲ್ಲಿ ನಾವು ಕಲಿತ ಮೊದಲ ಪತ್ರವೇ ರಜಾ ಅರ್ಜಿ. ಅದರಲ್ಲಿ ವಿಧೇಯತೆ ತೋರಿಸಲು ಹೇಳಿಕೊಟ್ಟಷ್ಟು ಮುತುವರ್ಜಿಯಿಂದ ವಿಷಯ ತಿಳಿಸಲು ಯಾರೂ ಹೇಳಿಕೊಡಲಿಲ್ಲ. ಮೇಲಿನವರಿಗೆ ಬರೆಯುವುದೆಂದರೆ ಬೇಡಿಕೊಳ್ಳುವುದು ಎಂಬ ಪಾಠ ಅಷ್ಟು ಚಿಕ್ಕ ವಯಸ್ಸಿನಲ್ಲೇ ಕೈಗೆ ಇಳಿದುಬಿಟ್ಟಿದೆ.

ಮುಂದಿನ ಭೇಟಿಯಲ್ಲಿ ಶೈಲಜಾ ಅವರಿಗೆ ಕೊಲಂಬಿಯಾ ಗಗನನೌಕೆಯ ವಿಷಯ ಹೇಳಿದೆ. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಅದರಲ್ಲಿ ತೀರಿಕೊಂಡದ್ದು ನಮ್ಮೆಲ್ಲರಿಗೂ ಗೊತ್ತು. ಹಾರುವಾಗ ಹೊರ ಇಂಧನ ತೊಟ್ಟಿಯಿಂದ ಕಳಚಿದ ಫೋಮ್ ತುಂಡು ರೆಕ್ಕೆಗೆ ಬಡಿದಿತ್ತು. ಅದರಿಂದ ಅಪಾಯವಿದೆಯೇ ಎಂದು ಎಂಜಿನಿಯರುಗಳು ನಾಸಾದ ಅಧಿಕಾರಿಗಳಿಗೆ ತೋರಿಸಿದ ಸ್ಲೈಡುಗಳಲ್ಲಿ ಒಂದರ ತಲೆಬರಹ ಭರವಸೆ ಕೊಡುವಂತಿತ್ತು. ಬಡಿದ ತುಂಡು ಸುಮಾರು 1920 ಘನ ಅಂಗುಲ, ಹಿಂದೆ ಪರೀಕ್ಷೆಗೆ ಬಳಸಿದ ತುಂಡು 3 ಘನ ಅಂಗುಲ. ಅಂದರೆ 640 ಪಟ್ಟು ವ್ಯತ್ಯಾಸ, ಹಳೆಯ ಪರೀಕ್ಷೆಗಳನ್ನು ನಂಬುವಂತಿಲ್ಲ. ಈ ಸಂಗತಿ ಇದ್ದದ್ದು ಅದೇ ಸ್ಲೈಡಿನ ತೀರಾ ಕೆಳಗೆ. ಅಪಘಾತದ ತನಿಖಾ ಮಂಡಳಿ ಆ ಸ್ಲೈಡನ್ನೇ ತನ್ನ ವರದಿಯಲ್ಲಿ ಮುದ್ರಿಸಿ ಟೀಕಿಸಿದೆ.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ನಾನು ಮುಖ್ಯವಾಗಿ ಹೇಳಬೇಕಾಗಿದ್ದದ್ದು ಅದನ್ನೇ. ರಾಡ್ನಿ ರೋಚಾ ಎಂಬ ನಾಸಾ ಎಂಜಿನಿಯರ್ ರೆಕ್ಕೆಯ ಚಿತ್ರ ತೆಗೆಸಬೇಕೆಂದು ಕೇಳಿದ್ದರು. ಕಳುಹಿಸಿದ ಮೇಲ್‌ನಲ್ಲಿ ಅವರು, ಹೊರಗಿನ ಸಂಸ್ಥೆಯ ನೆರವನ್ನು ನಾವು ಬೇಡಿಕೊಳ್ಳಬಹುದೇ ಎಂದು ಪ್ರಶ್ನೆಯ ರೂಪದಲ್ಲಿ ಕೇಳಿದರು. ಚಿತ್ರ ಬೇಡವೆಂದು ಮೇಲಿನವರು ತೀರ್ಮಾನಿಸಿದಾಗ ಇನ್ನೊಂದು ಮೇಲ್ ಬರೆದರು. ಈ ತೀರ್ಮಾನ ತಪ್ಪು, ಬೇಜವಾಬ್ದಾರಿಯ ಅಂಚಿನಲ್ಲಿದೆ ಎಂದು ಅದರಲ್ಲಿ ನೇರವಾಗಿ ಹೇಳಿದ್ದರು. ಅದನ್ನು ಮುದ್ರಿಸಿ ಸಹೋದ್ಯೋಗಿಗೆ ತೋರಿಸಿದರು. ಕಳುಹಿಸಲಿಲ್ಲ. ಯಾಕೆಂದು ತನಿಖೆಯಲ್ಲಿ ಕೇಳಿದಾಗ, ಅಧಿಕಾರದ ಶ್ರೇಣಿಯನ್ನು ದಾಟಿ ಹೋಗಲು ಮನಸ್ಸಾಗಲಿಲ್ಲ ಎಂದರು. ಇಂಗ್ಲಿಷ್ ಅವರ ದಿನನಿತ್ಯದ ಭಾಷೆ. ವಿದ್ಯೆಯಲ್ಲಿ, ಅನುಭವದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಆದರೂ ಹೋದದ್ದು ಬೇಡಿಕೊಂಡ ಮೇಲ್, ಉಳಿದದ್ದು ಸ್ಪಷ್ಟವಾದ ಮೇಲ್. ಶೈಲಜಾ ಇದನ್ನು ಕೇಳಿ, ‘ಅವರಿಗೂ ಹೆದರಿಕೆ ಇತ್ತೇ?’ ಎಂದರು. ತನ್ನ ಹೆದರಿಕೆಗೆ ಕನ್ನಡ ಶಾಲೆ ಕಾರಣವಲ್ಲ ಎಂದು ಅವರಿಗೆ ಅನ್ನಿಸಿದ್ದು ಆಗಲೇ.

ನಾನು ಕೊಟ್ಟ ಸಲಹೆ ಸರಳವಾದದ್ದು. ಯಂತ್ರದ ಪಕ್ಕದಲ್ಲಿ ನಿಂತು ‘ಅಣ್ಣ’ ಎಂದು ಶುರು ಮಾಡಿದಿರಲ್ಲ, ಆ ಮಾತನ್ನು ಮೊದಲು ಕನ್ನಡದಲ್ಲಿ ಹಾಗೆಯೇ ಬರೆದುಕೊಳ್ಳಿ. ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಾಗಿ ಬರೆಯಿರಿ. ಏನಾಗಿದೆ, ಯಾರು ಏನು ಮಾಡಬೇಕು, ಎಷ್ಟು ಹೊತ್ತಿನೊಳಗೆ, ಇವು ಮೊಬೈಲಿನಲ್ಲಿ ಮೇಲ್ ತೆರೆದ ತಕ್ಷಣ ಕಾಣಬೇಕು. ನಿಯಮ, ಉಲ್ಲೇಖಗಳೆಲ್ಲ ಕೆಳಗಿರಲಿ, ಬೇಕಾದವರು ಓದುತ್ತಾರೆ. ಕೆಲಸ ಮಾಡಬೇಕಾದ ಒಬ್ಬರ ಹೆಸರಿಗೆ ಬರೆಯಿರಿ, ಉಳಿದವರಿಗೆ ಪ್ರತಿ ಹೋಗಲಿ. ಯಂತ್ರ ನಿಲ್ಲಿಸುವಂಥ ವಿಷಯವಾದರೆ ಮೊದಲು ಫೋನ್ ಮಾಡಿ, ಆಮೇಲೆ ಮೇಲ್.

ಇದಕ್ಕಿಂತ ಮುಖ್ಯವಾದದ್ದು ಅನುಮಾನದ ವಿಷಯ. ತಪ್ಪಾದರೆ ಎಂಬ ಭಯವನ್ನು ಅವರು ಇಡೀ ಪತ್ರಕ್ಕೆ ಬಳಿದುಬಿಡುತ್ತಿದ್ದರು: ‘ಸ್ವಲ್ಪ’, ‘ಕಂಡುಬರುತ್ತಿದ್ದು’, ‘ಪರಿಶೀಲಿಸಿ’. ಅನುಮಾನ ಇರುವುದು ತಪ್ಪಲ್ಲ, ಆದರೆ ಅದಕ್ಕೆ ಒಂದು ವಾಕ್ಯ ಸಾಕು ಎಂದೆ. ಕಂಡದ್ದನ್ನು ಒಂದು ಕಡೆ ಬರೆಯಿರಿ, ಊಹಿಸಿದ್ದನ್ನು ಇನ್ನೊಂದು ಕಡೆ ಬರೆಯಿರಿ. ‘ರಿಂಗ್‌ಗೆ ಎರಡು ಸಲ ಹಾಕಿದೆ, ಎರಡು ಸಲವೂ 52.02 ಬಂತು. ಗೇಜ್ ಕೆಟ್ಟಿದೆಯೋ ರಿಂಗ್ ಸವೆದಿದೆಯೋ ಇನ್ನೂ ಗೊತ್ತಿಲ್ಲ. ಗೊತ್ತಾಗುವವರೆಗೆ ಈ ಗೇಜ್ ಬೇಡ.’ ಹೀಗೆ ಬರೆದವರನ್ನು ನಾಳೆ ಯಾರೂ ಸುಳ್ಳು ಹೇಳಿದಿರಿ ಎನ್ನಲಾಗುವುದಿಲ್ಲ. ಬಚ್ಚಿಟ್ಟುಕೊಂಡಾಗ ಸಿಗದ ರಕ್ಷಣೆ ಇದರಲ್ಲಿದೆ. ನರ್ಸುಗಳಿಗೆ ಕಲಿಸುವ ‘ಎಸ್‌ಬಿಎಆರ್’ ಕ್ರಮವನ್ನೂ ತೋರಿಸಿದೆ: ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ಏನು ಮಾಡಬೇಕೆಂಬ ನನ್ನ ಶಿಫಾರಸು. ಅಮೆರಿಕದ ನೌಕಾಪಡೆಯ ಅಣುಜಲಾಂತರ್ಗಾಮಿಗಳಲ್ಲಿ ಹುಟ್ಟಿ ಆಸ್ಪತ್ರೆಗಳಿಗೆ ಬಂದ ಕ್ರಮ ಅದು. ಕಿರಿಯರು ಹಿರಿಯರಿಗೆ ಶಿಫಾರಸು ಮಾಡುವುದನ್ನು ಉದ್ಧಟತನ ಎನ್ನದೆ ಕರ್ತವ್ಯವಾಗಿಸುತ್ತದೆ ಎಂಬ ಕಾರಣಕ್ಕೆ ನನಗೆ ಅದು ಇಷ್ಟ.

ಇದು ಆಪ್ತಸಲಹೆಯೇ, ಪತ್ರಲೇಖನದ ಪಾಠವೇ ಎಂದು ನನ್ನ ವೃತ್ತಿಬಾಂಧವರು ಆಕ್ಷೇಪಿಸಿದ್ದಾರೆ. ಆತಂಕಕ್ಕೆ ಚಿಕಿತ್ಸೆ ಕೊಡಬೇಕು, ಮೇಲ್ ತಿದ್ದುವುದು ನಮ್ಮ ಕೆಲಸವಲ್ಲ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಲಿಫ್ಟಿಗೆ ಹೆದರುವವರನ್ನು ನಾವು ಲಿಫ್ಟಿನವರೆಗೆ ಕರೆದುಕೊಂಡು ಹೋಗುತ್ತೇವಲ್ಲವೇ? ಶೈಲಜಾ ಅವರ ಹೆದರಿಕೆ ದಿನವೂ ಎದ್ದು ನಿಲ್ಲುತ್ತಿದ್ದದ್ದು ಆ ನಾಲ್ಕು ಪ್ಯಾರಾಗಳಲ್ಲಿ. ಅಲ್ಲಿಗೆ ಕೈಹಾಕದೆ ಉಸಿರಾಟವನ್ನಷ್ಟೇ ಹೇಳಿಕೊಡುತ್ತಾ ಕೂತಿದ್ದರೆ, ಪ್ರತಿ ಸೋಮವಾರ ಅದೇ ಹಳೆಯ ರೀತಿಯಲ್ಲಿ ಬರೆಯುತ್ತಾ ಆ ಭಯಕ್ಕೆ ತಾವೇ ನೀರೆರೆಯುತ್ತಿದ್ದರು.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ನೇರವಾಗಿ ಬರೆದವರನ್ನು ಹಿಂಸಿಸುವ ಕಚೇರಿಗಳು ನಿಜಕ್ಕೂ ಇವೆ. ಮನೆಸಾಲದ ಕಂತು ಕಟ್ಟುತ್ತಿರುವವರಿಗೆ ಧೈರ್ಯದ ಉಪದೇಶ ಮಾಡಲು ನನಗೇನು ಹಕ್ಕಿದೆ? ಆದ್ದರಿಂದಲೇ ಸಲಹೆ ಕೊಡುವ ಮೊದಲು ಅವರ ಮ್ಯಾನೇಜರ್ ಎಂಥವರು ಎಂದು ವಿಚಾರಿಸಿದ್ದೆ. ಸಿಡುಕಿನ ಮನುಷ್ಯ, ಆದರೆ ದ್ವೇಷ ಸಾಧಿಸುವವರಲ್ಲ ಎಂದರು. ಅವರು ಸಭೆಯಲ್ಲಿ ಕೇಳಿದ ಪ್ರಶ್ನೆಯೂ, ಮನಸ್ಸಿಗೆ ಚುಚ್ಚಿದ್ದು ನಿಜವಾದರೂ, ನ್ಯಾಯವಾದದ್ದೇ ಆಗಿತ್ತು. ಬೇರೆ ಬಗೆಯ ಕಚೇರಿಯಾಗಿದ್ದರೆ, ಎಲ್ಲದಕ್ಕೂ ದಾಖಲೆ ಇಟ್ಟುಕೊಳ್ಳಿ, ಬೇರೆ ಕೆಲಸ ಹುಡುಕಿ ಎಂದೇ ಹೇಳುತ್ತಿದ್ದೆ. ಕೆಲವರಿಗೆ ಹೇಳಿಯೂ ಇದ್ದೇನೆ.

ಕೆಲವು ತಿಂಗಳ ಬಳಿಕ ಅವರು ಹೆದರುತ್ತಿದ್ದದ್ದೇ ನಡೆಯಿತು. ಬೆಳಗಿನ ಶಿಫ್ಟಿನಲ್ಲಿ ಒಂದು ಗೇಜ್ ಈ ಸಲ ಕಡಿಮೆ ತೋರಿಸಿತು. ಶೈಲಜಾ ಫೋನ್ ಮಾಡಿದರು, ಐದು ಸಾಲಿನ ಮೇಲ್ ಹಾಕಿದರು, ಲೈನ್ ನಿಂತಿತು. ಅರ್ಧ ಗಂಟೆಯಲ್ಲಿ ಕಾರಣ ಸಿಕ್ಕಿತು: ಮಾಸ್ಟರ್ ರಿಂಗಿನ ಒಳಮೈಯಲ್ಲಿ ಎಣ್ಣೆ ಒಣಗಿ ಅಂಟಿತ್ತು. ಗೇಜ್ ಸರಿಯಾಗಿಯೇ ಇತ್ತು. ಅವರು ಕೂಡಲೇ ಅದೇ ಜನರಿಗೆ ಮತ್ತೆ ಬರೆದರು: ‘ಬೆಳಗಿನ ನನ್ನ ಎಚ್ಚರಿಕೆ ತಪ್ಪಾಗಿತ್ತು. ರಿಂಗ್ ಒರೆಸದೆ ಅಳೆದಿದ್ದೆ. ಗೇಜ್ ಸರಿಯಿದೆ, ಲೈನ್ ಶುರು ಮಾಡಬಹುದು. ಇನ್ನು ಮುಂದೆ ರಿಂಗ್ ಒರೆಸಿದ ಮೇಲೆಯೇ ಅಳೆಯುವಂತೆ ಪರೀಕ್ಷಾ ಪಟ್ಟಿಯಲ್ಲಿ ಸೇರಿಸಿದ್ದೇನೆ.’ ಮ್ಯಾನೇಜರ್ ಎಲ್ಲರೆದುರು ಗೊಣಗಿದರು. ಆಮೇಲೆ ಬೇರೆ ವಿಭಾಗದವರಿಗೂ ಆ ಪಟ್ಟಿ ಕಳುಹಿಸಿ ಎಂದರು.

ಇದನ್ನು ಹೇಳಿದ ದಿನ ಅವರ ಧ್ವನಿ ಗಟ್ಟಿಯಾಗಿತ್ತು. ಭಾನುವಾರದ ಎದೆಬಡಿತ ಪೂರ್ತಿ ಹೋಗಿಲ್ಲ, ನಿದ್ದೆ ಮೊದಲಿಗಿಂತ ವಾಸಿ. ಸಭೆಯಲ್ಲಿ ಬಾಯಿ ತೆರೆದು ಮಾತನಾಡುವುದು ಇನ್ನೂ ಕಷ್ಟ ಎನ್ನುತ್ತಾರೆ. ಈಗ ಅದರ ಮೇಲೆ ಕೆಲಸ ಮಾಡುತ್ತಿದ್ದೇವೆ.